ನೀಟ್ ಅಂಕ: ಎಂಬಿಬಿಎಸ್‌ಗೆ ಎಷ್ಟು, ಬಿಡಿಎಸ್‌ಗೆ ಎಷ್ಟು?

ಭಾರತದಲ್ಲಿ ವೈದ್ಯಕೀಯಕ್ಕೂ ದಂತವೈದ್ಯಕೀಯಕ್ಕೂ ಪ್ರವೇಶ ಪರೀಕ್ಷೆ ಒಂದೇ, ಅಂಕಪಟ್ಟಿ ಒಂದೇ, ರ‍್ಯಾಂಕ್ ಒಂದೇ. ಆದರೂ ಎಂಬಿಬಿಎಸ್‌ಗೆ ಇಷ್ಟು ಬೇಕು, ಬಿಡಿಎಸ್‌ಗೆ ಇಷ್ಟು ಸಾಕು ಎಂಬ ಲೆಕ್ಕ ಪ್ರತಿವರ್ಷ ಫಲಿತಾಂಶದ ಬೆನ್ನಿಗೇ ರೋಣ, ನರಗುಂದ, ಗಜೇಂದ್ರಗಡದ ಪಿಯು ಕಾಲೇಜುಗಳ ಸುತ್ತ ಓಡಾಡುತ್ತದೆ. ಆ ಲೆಕ್ಕ ನಂಬಿ ಮನೆಯವರು ಇನ್ನೊಂದು ವರ್ಷದ ಕೋಚಿಂಗ್ ಫೀ ಕಟ್ಟುತ್ತಾರೆ, ಇಲ್ಲವೇ ಸಿಗಬಹುದಾಗಿದ್ದ ಸೀಟನ್ನು ಕೇಳದೆಯೇ ಬಿಡುತ್ತಾರೆ. ಇಲ್ಲಿ ಮಾತಾಡುವವರು ಗಜೇಂದ್ರಗಡದ ಒಬ್ಬ ಪಾಲಕರು ಮತ್ತು ರೋಣದ ಒಬ್ಬ ಜೀವಶಾಸ್ತ್ರ ಉಪನ್ಯಾಸಕಿ.

ಪಾಲಕರು: ಅಕ್ಕೋರ, ದೊಡ್ಡ ಮಗಗ 2024ರಾಗ 560 ಬಂತು, ಬಿಡಿಎಸ್ ಸಿಕ್ತು. ಮಗಳಿಗೆ 2025ರಾಗ 555. ಐದು ಅಂಕ ಕಡಿಮಿ ಆದ್ರೂ ಸರ್ಕಾರಿ ಮೆಡಿಕಲ್ ಸೀಟು ಬಂತು. ಇಬ್ಬರದೂ ಜಾತಿ ಒಂದ, ಮೀಸಲಾತಿ ಒಂದ. ಇದು ಹೆಂಗ್ರಿ?

ಉಪನ್ಯಾಸಕಿ: ಆ ಎರಡು ಅಂಕಗಳನ್ನು ಅಕ್ಕಪಕ್ಕ ಇಡುವುದೇ ತಪ್ಪು, ಅಣ್ಣಾರ. 2024ರಲ್ಲಿ 600 ದಾಟಿದವರೇ ದೇಶದಲ್ಲಿ 80 ಸಾವಿರದ ಮೇಲಿದ್ದರು. 560 ಪಡೆದವರು ಅವರೆಲ್ಲರ ಹಿಂದೆ, ಅವರಾದ ಮೇಲೆ 561ರಿಂದ 600ರವರೆಗಿನ ಇನ್ನೊಂದು ದೊಡ್ಡ ಗುಂಪಿನ ಹಿಂದೆ. 2025ರಲ್ಲಿ 600 ದಾಟಿದವರು 1,300ರ ಆಸುಪಾಸು ಮಾತ್ರ. 551 ಮತ್ತು ಅದಕ್ಕಿಂತ ಹೆಚ್ಚು ಪಡೆದವರನ್ನೆಲ್ಲ ಕೂಡಿಸಿದರೂ 12 ಸಾವಿರ ಆಗುತ್ತದೆ. ಐದು ಅಂಕ ಕಡಿಮೆ ಪಡೆದ ಮಗಳು ಪಟ್ಟಿಯಲ್ಲಿ ಅಣ್ಣನಿಗಿಂತ ಎಪ್ಪತ್ತು ಸಾವಿರಕ್ಕೂ ಹೆಚ್ಚು ಸ್ಥಾನ ಮುಂದೆ ಇದ್ದಾಳೆ. ಸೀಟು ಕೊಡುವಾಗ ನೋಡುವುದು ಆ ಸ್ಥಾನವನ್ನು.

ಪಾಲಕರು: ಒಂದ ವರ್ಷದಾಗ ಹುಡುಗರು ಅಷ್ಟು ದಡ್ಡ ಆದರೇನ್ರಿ?

ಉಪನ್ಯಾಸಕಿ: ಪ್ರಶ್ನೆಪತ್ರಿಕೆ ಬೇರೆಯಾಯಿತು. 2021ರಿಂದ 2024ರವರೆಗೆ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರಿಸಲು ಬಿಡುತ್ತಿದ್ದರು. ಪ್ರತಿ ವಿಭಾಗದಲ್ಲೂ ಬಾರದ ಕೆಲವನ್ನು ಬಿಡಬಹುದಿತ್ತು, 2022ರಿಂದ ವೇಳೆಯೂ ಮೂರು ತಾಸು ಇಪ್ಪತ್ತು ನಿಮಿಷ. 2025ರಲ್ಲಿ ಆಯ್ಕೆ ಹೋಯಿತು, ಇಪ್ಪತ್ತು ನಿಮಿಷವೂ ಹೋಯಿತು, ಜೊತೆಗೆ ಭೌತಶಾಸ್ತ್ರ ಬಹಳ ಕಠಿಣವಾಗಿ ಬಂತು. 2024ರಲ್ಲಿ ಫಲಿತಾಂಶ ಪರಿಷ್ಕರಿಸಿದ ಮೇಲೂ 17 ಜನರಿಗೆ 720ಕ್ಕೆ 720 ಇತ್ತು. 2025ರಲ್ಲಿ ದೇಶಕ್ಕೇ ಮೊದಲು ಬಂದವರ ಅಂಕ 686. ಹೀಗಿರುವಾಗ ಹಿಂದಿನ ವರ್ಷದ ಅಂಕ ಹಿಡಿದು ಈ ವರ್ಷದ ಸೀಟು ಹುಡುಕಿದರೆ ದಾರಿ ತಪ್ಪುವುದು ಖಂಡಿತ. 2025ರಲ್ಲಿ ಫಲಿತಾಂಶ ಬಂದ ದಿನವೇ 520 ನೋಡಿ ಆಸೆ ಬಿಟ್ಟವರು ಈ ಭಾಗದಲ್ಲಿ ಬಹಳ. ರ‍್ಯಾಂಕ್ ನೋಡಿದ್ದರೆ ಆ ಸಂಕಟ ಇರುತ್ತಿರಲಿಲ್ಲ.

ಪಾಲಕರು: ಹಂಗಾರ ಈ ಅಂಕ ಹೆಂಗ ಕೂಡಸ್ತಾರ, ಅದನ್ನ ಬಿಡಿಸಿ ಹೇಳ್ರಿ.

ಉಪನ್ಯಾಸಕಿ: ಒಟ್ಟು 180 ಪ್ರಶ್ನೆ: ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಳೆಯುತ್ತಾರೆ, ಬಿಟ್ಟರೆ ಸೊನ್ನೆ. ಒಬ್ಬ ವಿದ್ಯಾರ್ಥಿ 150 ಪ್ರಶ್ನೆ ಮುಟ್ಟಿ 130 ಸರಿ, 20 ತಪ್ಪು ಮಾಡಿದ ಅನ್ನಿ. 520ರಲ್ಲಿ 20 ಹೋಗಿ 500. ಇನ್ನೊಬ್ಬಾಕೆ 125 ಮಾತ್ರ ಮುಟ್ಟಿ ಎಲ್ಲವನ್ನೂ ಸರಿ ಮಾಡಿದಳು, ಆಕೆಗೂ 500. ಅಂಕ ಸಮ ಬಂದಾಗ ಜೀವಶಾಸ್ತ್ರದಲ್ಲಿ ಹೆಚ್ಚು ಬಂದವರು ಮುಂದೆ. ಅದೂ ಸಮವಾದರೆ ರಸಾಯನಶಾಸ್ತ್ರ, ಆಮೇಲೆ ಭೌತಶಾಸ್ತ್ರ. ಅಲ್ಲಿಯೂ ಬಗೆಹರಿಯದಿದ್ದರೆ ಸರಿಗೆ ಹೋಲಿಸಿ ತಪ್ಪಿನ ಪ್ರಮಾಣ ಯಾರದು ಕಡಿಮೆಯೋ ಅವರು. ಒಂದೇ ಅಂಕದ ಮೇಲೆ ನೂರಾರು, ಕೆಲವೊಮ್ಮೆ ಸಾವಿರಾರು ಜನ ಕೂಡಿರುತ್ತಾರೆ. ಹಾಗಾಗಿ ಒಂದು ತಪ್ಪು ಉತ್ತರಕ್ಕೆ ಹೋಗುವುದು ಐದು ಅಂಕ, ಅಂದರೆ ಬರಬೇಕಿದ್ದ ನಾಲ್ಕು ಮತ್ತು ಕಳೆಯುವ ಒಂದು. ಆ ಐದರಲ್ಲಿ ಸಾವಿರಾರು ಸ್ಥಾನ ಹಿಂದೆ ಬೀಳಬಹುದು.

ಪಾಲಕರು: ಅಂಕದ ಪಕ್ಕದಾಗ ಪರ್ಸೆಂಟೈಲ್ ಅಂತ ಇನ್ನೊಂದು ಇರತೈತಲ್ರಿ. ಅದು ಪರ್ಸೆಂಟೇಜ್ ಅಲ್ಲೇನು?

ಉಪನ್ಯಾಸಕಿ: ಅಲ್ಲ. ನೂರಕ್ಕೆ ಎಷ್ಟು ಅಂಕ ಬಂತು ಎಂಬುದು ಪರ್ಸೆಂಟೇಜ್. ಪರೀಕ್ಷೆ ಬರೆದ ನೂರು ಜನರಲ್ಲಿ ಎಷ್ಟು ಜನ ಈ ಅಂಕದಲ್ಲಿ ಅಥವಾ ಇದರ ಕೆಳಗೆ ಇದ್ದಾರೆ ಎಂಬುದು ಪರ್ಸೆಂಟೈಲ್. 2025ರಲ್ಲಿ ಬರೆದವರು 22 ಲಕ್ಷಕ್ಕೂ ಹೆಚ್ಚು. ಸಾಮಾನ್ಯ ವರ್ಗಕ್ಕೆ ಅರ್ಹತೆಯ ಗಡಿ 50 ಪರ್ಸೆಂಟೈಲ್. ಆ ವರ್ಷ ಆ ಗಡಿ ಬಂದು ನಿಂತದ್ದು 144 ಅಂಕದ ಮೇಲೆ. ಅದು 720ಕ್ಕೆ ನೂರಕ್ಕೆ ಇಪ್ಪತ್ತು. ಅಂದರೆ 50 ಪರ್ಸೆಂಟೈಲ್ ಬಂದವರಿಗೆ ಅರ್ಧ ಅಂಕ ಬಂದಿರುವುದಿಲ್ಲ. ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮುಂದಿರುತ್ತಾರೆ ಅಷ್ಟೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದವರಿಗೆ ಗಡಿ 40 ಪರ್ಸೆಂಟೈಲ್. 2025ರಲ್ಲಿ ಅದು 113 ಅಂಕ. ಈ ಗಡಿ ದಾಟಿದವರು ದೇಶದಲ್ಲಿ 12 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು 1 ಲಕ್ಷ 15 ಸಾವಿರಕ್ಕೂ ಮೇಲೆ, ಬಿಡಿಎಸ್ ಸೀಟುಗಳು 27 ಸಾವಿರದ ಆಸುಪಾಸು. ‘ಕ್ವಾಲಿಫೈಡ್’ ಎಂದು ಬಂದದ್ದನ್ನೇ ಸೀಟು ಎಂದುಕೊಂಡು ಪೇಢೆ ಹಂಚಿದವರು ಕೌನ್ಸೆಲಿಂಗ್ ಮುಗಿಯುವಾಗ ಎದೆಗುಂದುವುದು ಇದರಿಂದಲೇ.

ಪಾಲಕರು: ನಮ್ಮ ತಮ್ಮನ ಕಾಲದಾಗ ಸಿಇಟಿ ಇತ್ತು. ಅವಗ 180ಕ್ಕ 140 ಬಂದಿತ್ತು. ನಾಲ್ಕರಿಂದ ಗುಣಿಸಿದ್ರ 560. ನನ್ನಷ್ಟ ನಿನ್ನ ಮಗ ಅಂತಾನ.

ಉಪನ್ಯಾಸಕಿ: ಗುಣಾಕಾರ ಸರಿ, ಹೋಲಿಕೆ ಸರಿಯಲ್ಲ. ಕರ್ನಾಟಕದಲ್ಲಿ ಸಿಇಟಿ ಶುರುವಾದದ್ದು 1994ರಲ್ಲಿ. ವಿಷಯಕ್ಕೆ 60 ಪ್ರಶ್ನೆ, ಪ್ರಶ್ನೆಗೆ ಒಂದು ಅಂಕ, ತಪ್ಪಿದರೆ ಕಳೆಯುವುದಿಲ್ಲ; ಬಾರದ್ದಕ್ಕೂ ಒಂದು ಗುರುತು ಹಾಕಿ ಬರಬಹುದಿತ್ತು. ನೀಟ್‌ನಲ್ಲಿ ಜೀವಶಾಸ್ತ್ರದ ತೂಕ ಅರ್ಧ, ಸಿಇಟಿಯಲ್ಲಿ ಮೂರರಲ್ಲಿ ಒಂದು ಪಾಲು. ಅದಕ್ಕಿಂತ ಮುಖ್ಯ, ಸಿಇಟಿ ಬರೆಯುತ್ತಿದ್ದವರು ಈ ರಾಜ್ಯದವರು, ಇವತ್ತು ಪಟ್ಟಿ ಇಡೀ ದೇಶದ್ದು. ಆ ಕಾಲದಲ್ಲಿ ರಾಜ್ಯದ ಸೀಟಿಗೆ ಸಿಇಟಿ, ಖಾಸಗಿ ಕಾಲೇಜುಗಳ ತಮ್ಮ ಪಾಲಿಗೆ ಕಾಮೆಡ್‌ಕೆ, ಅಖಿಲ ಭಾರತ ಕೋಟಾದ ಶೇ 15 ಸೀಟಿಗೆ ಎಐಪಿಎಂಟಿ ಎಂದು ಒಬ್ಬನೇ ವಿದ್ಯಾರ್ಥಿ ಮೂರು ಕಡೆ ಬರೆದು ಮೂರು ರ‍್ಯಾಂಕ್ ಹಿಡಿದು ಓಡಾಡುತ್ತಿದ್ದ. 2013ರಲ್ಲಿ ಮೊದಲ ನೀಟ್ ನಡೆಯಿತು; ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2016ರ ಏಪ್ರಿಲ್‌ನಲ್ಲಿ ಆ ತೀರ್ಪನ್ನು ಕೋರ್ಟೇ ಹಿಂದಕ್ಕೆ ಪಡೆಯಿತು. ಆ ವರ್ಷ ಮಾತ್ರ ರಾಜ್ಯಗಳಿಗೆ ವಿನಾಯಿತಿ ಸಿಕ್ಕಿದ್ದರಿಂದ ಕರ್ನಾಟಕದ ಸರ್ಕಾರಿ ಕೋಟಾ ಸೀಟುಗಳು ಸಿಇಟಿಯ ಮೇಲೆಯೇ ಹೋದವು. 2017ರಿಂದ ಈ ಮೂರೂ ಬಗೆಯ ಸೀಟಿಗೆ ನೀಟ್. ಕನ್ನಡದಲ್ಲಿ ಬರೆಯುವ ಅವಕಾಶ ಬಂದದ್ದೂ ಆಗಲೇ.

ಪಾಲಕರು: ಪರೀಕ್ಷೆ ಒಂದ, ಪಟ್ಟಿ ಒಂದ ಅಂದ್ರಿ. ಮತ್ತ ಎಂಬಿಬಿಎಸ್‌ಗೆ ಒಂದು ಕಟಾಫ್, ಬಿಡಿಎಸ್‌ಗೆ ಒಂದು ಕಟಾಫ್ ಯಾಕ ಬರ್ತೈತಿ? ಅದನ್ನ ಯಾರು ಠರಾಯಿಸ್ತಾರ?

ಉಪನ್ಯಾಸಕಿ: ಯಾರೂ ಠರಾಯಿಸುವುದಿಲ್ಲ. ಅರ್ಹತೆಯ ಗಡಿಯನ್ನು ನಿಯಮ ಠರಾಯಿಸುತ್ತದೆ, ಸೀಟಿನ ಕಟಾಫ್ ತಾನಾಗಿ ಬಂದು ನಿಲ್ಲುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಆಪ್ಷನ್ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ. ಮೊದಲ ಆಪ್ಷನ್ ಖಾಲಿ ಇದ್ದರೆ ಅದು, ಇಲ್ಲದಿದ್ದರೆ ಎರಡನೆಯದು. ಒಂದು ಕಾಲೇಜಿನ ಒಂದು ವರ್ಗದ ಕೊನೆಯ ಸೀಟು ಯಾರಿಗೆ ಹೋಯಿತೋ ಅವರ ರ‍್ಯಾಂಕೇ ಅಲ್ಲಿಯ ಕಟಾಫ್. ಹೆಚ್ಚಿನವರು ಎಂಬಿಬಿಎಸ್ ಕಾಲೇಜುಗಳನ್ನೆಲ್ಲ ಮೊದಲು ಬರೆದು ಕೊನೆಗೆ ಬಿಡಿಎಸ್ ಸೇರಿಸುತ್ತಾರೆ. ಆದ್ದರಿಂದ ಬಿಡಿಎಸ್ ಕಟಾಫ್ ಎಂಬಿಬಿಎಸ್‌ನ ಹಿಂದೆ ಬರುತ್ತದೆ. ಅದು ಹೇಳುವುದು ಜನರ ಆಯ್ಕೆಯ ಕ್ರಮವನ್ನು, ಸೀಟಿನ ಸಂಖ್ಯೆಯನ್ನು, ಫೀಯನ್ನು. ಹಲ್ಲಿನ ವೈದ್ಯ ಬುದ್ಧಿಯಲ್ಲಿ ಕಡಿಮೆ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಬಿಡಿಎಸ್‌ಗೆ ಹೋದ ಮಕ್ಕಳನ್ನು ಮದುವೆ ಮುಂಜಿಯಲ್ಲಿ ‘ಮೆಡಿಕಲ್ ಸಿಗಲಿಲ್ಲೇನು’ ಎಂದು ಕೇಳುವುದು ದೊಡ್ಡ ಅನ್ಯಾಯ.

ಪಾಲಕರು: ಆದ್ರೂ ಎಂಬಿಬಿಎಸ್ ಸಿಕ್ಕವರ ಅಂಕ ಬಿಡಿಎಸ್ ಸಿಕ್ಕವರಿಗಿಂತ ಯಾವಾಗ್ಲೂ ಹೆಚ್ಚ ಇರತೈತಲ್ರಿ?

ಉಪನ್ಯಾಸಕಿ: ಯಾವಾಗಲೂ ಅಲ್ಲ. ಕೆಇಎ ಪಟ್ಟಿಯಲ್ಲಿ ಎಂಬಿಬಿಎಸ್ ಎಂಬ ಒಂದೇ ಹೆಸರಿನ ಕೆಳಗೆ ನಾಲ್ಕು ಬಗೆಯ ಸೀಟುಗಳಿವೆ: ಸರ್ಕಾರಿ ಕಾಲೇಜಿನ ಸೀಟು, ಖಾಸಗಿ ಕಾಲೇಜಿನಲ್ಲಿ ಸರ್ಕಾರದ ಪಾಲಿನ ಸೀಟು, ಖಾಸಗಿ ಸೀಟು, ಎನ್‌ಆರ್‌ಐ ಮತ್ತು ಇತರೆ ಸೀಟು. ಮೊದಲೆರಡರ ಫೀ ಮಧ್ಯಮ ವರ್ಗದವರು ಹೇಗೋ ಹೊಂದಿಸುವಂಥದ್ದು. ಖಾಸಗಿ ಸೀಟಿನ ಫೀ ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ, ಎನ್‌ಆರ್‌ಐ ಸೀಟಿನದು ಅದಕ್ಕೂ ಬಹಳ ಹೆಚ್ಚು. ಫೀ ಏರಿದಂತೆ ಕೇಳುವವರು ಕಡಿಮೆಯಾಗಿ ಕಟಾಫ್ ರ‍್ಯಾಂಕ್ ಹಿಂದೆ ಹಿಂದೆ ಹೋಗುತ್ತದೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನ ಬಿಡಿಎಸ್ ಸೀಟು ಪಡೆದವರ ಅಂಕ, ಎನ್‌ಆರ್‌ಐ ಕೋಟಾದಲ್ಲಿ ಎಂಬಿಬಿಎಸ್ ಸೇರಿದ ಅನೇಕರ ಅಂಕಕ್ಕಿಂತ ಬಹಳ ಮೇಲೆ ಇರುತ್ತದೆ. ಸರ್ಕಾರಿ ಎಂಬಿಬಿಎಸ್ ಎದುರು ಸರ್ಕಾರಿ ಬಿಡಿಎಸ್ ಇಟ್ಟು ನೋಡಬೇಕು, ಖಾಸಗಿಯ ಎದುರು ಖಾಸಗಿ. ‘ಎಂಬಿಬಿಎಸ್ ಕಟಾಫ್ ಎಷ್ಟು’ ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ.

ಪಾಲಕರು: ಕಟಾಫ್ ಪಟ್ಟಿ ಮೊಬೈಲ್‌ನಾಗ ತಗದು ನೋಡಿದ್ರ ಬರೇ ಅಕ್ಷರ: ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 3ಬಿಆರ್… ತಲಿ ಕೆಡತೈತಿ.

ಉಪನ್ಯಾಸಕಿ: ಆ ಅಕ್ಷರಗಳೇ ಇಡೀ ಪಟ್ಟಿಯ ಕೀಲಿ. ಮೊದಲ ಭಾಗ ವರ್ಗ: ಜಿಎಂ ಎಂದರೆ ಸಾಮಾನ್ಯ ಅರ್ಹತೆ; 1, 2ಎ, 2ಬಿ, 3ಎ, 3ಬಿ ಹಿಂದುಳಿದ ವರ್ಗಗಳು; ಎಸ್‌ಸಿ, ಎಸ್‌ಟಿ. ಕೊನೆಯ ಅಕ್ಷರ ವಿಶೇಷ ಮೀಸಲು: ಜಿ ಎಂದರೆ ಅಂಥ ಮೀಸಲು ಇಲ್ಲದ್ದು, ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ, ಎಚ್ ಎಂದರೆ 371ಜೆ. ಒಂದೇ ಕಾಲೇಜಿನ ಒಂದೇ ಕೋರ್ಸಿಗೆ 3ಬಿಜಿ ಒಂದು ಕಡೆ ನಿಂತರೆ 3ಬಿಆರ್ ಇನ್ನೊಂದು ಕಡೆ ನಿಲ್ಲುತ್ತದೆ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೆಯ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ರೋಣ, ನರಗುಂದ, ಗಜೇಂದ್ರಗಡ ಮೂರೂ ಪುರಸಭೆಗಳು. ನರೇಗಲ್ಲ ಪಟ್ಟಣ ಪಂಚಾಯಿತಿ. ಇಲ್ಲಿಯ ಶಾಲೆಗಳಲ್ಲಿ ಓದಿದವರಿಗೆ ಆರ್ ಸಿಗದು. ಸವಡಿಯಲ್ಲೋ ಸೂಡಿಯಲ್ಲೋ ಕೊಣ್ಣೂರಿನಲ್ಲೋ ಹತ್ತೂ ವರ್ಷ ಓದಿದ್ದರೆ ಸಿಗುತ್ತದೆ. ಏಳನೆಯ ತರಗತಿ ಹಳ್ಳಿಯಲ್ಲಿ ಮುಗಿಸಿ ಹೈಸ್ಕೂಲಿಗೆ ಗಜೇಂದ್ರಗಡಕ್ಕೆ ಬಂದ ಹುಡುಗಿಗೆ ಆ ಮೂರು ವರ್ಷದಿಂದಾಗಿ ಆರ್ ತಪ್ಪುತ್ತದೆ. ಆಕೆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲೇ ಓದಿದ್ದರೆ ಕೆ ಉಳಿಯುತ್ತದೆ. ಗ್ರಾಮೀಣ, ಕನ್ನಡ ಮಾಧ್ಯಮ ವ್ಯಾಸಂಗದ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಎರಡೂ ಬೇಕಾಗುತ್ತಿದ್ದವು. ಅರ್ಜಿ ತುಂಬುವಾಗಲೇ ಇದನ್ನು ಕೇಳಿಕೊಳ್ಳದೆ ಹೋದ ಮಕ್ಕಳು ತಮ್ಮದಾಗಬಹುದಾಗಿದ್ದ ಸೀಟನ್ನು ಗೊತ್ತಿಲ್ಲದೆಯೇ ಕಳೆದುಕೊಳ್ಳುತ್ತಾರೆ.

ಪಾಲಕರು: ಆ ಎಚ್ ನಮಗ ಬರೂದಿಲ್ಲೇನ್ರಿ? ನಮ್ಮ ಬೀಗರು ಕುಷ್ಟಗಿ ಕಡೆಯವರು. ಅವರ ಹುಡುಗಗ ನಮ್ಮ ಹುಡುಗನಕಿಂತ ಕಡಿಮಿ ಇತ್ತು, ಮೆಡಿಕಲ್ ಸಿಕ್ತು.

ಉಪನ್ಯಾಸಕಿ: ಬರುವುದಿಲ್ಲ, ಅಣ್ಣಾರ. ಗಜೇಂದ್ರಗಡದಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಕೊಪ್ಪಳ ಜಿಲ್ಲೆ ಶುರುವಾಗುತ್ತದೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಕಲ್ಯಾಣ ಕರ್ನಾಟಕಕ್ಕೆ ಸೇರಿದವು, ಗದಗ ಜಿಲ್ಲೆ ಕಿತ್ತೂರು ಕರ್ನಾಟಕಕ್ಕೆ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು ಅಲ್ಲಿಯವರಿಗೆ, ರಾಜ್ಯದ ಉಳಿದ ಕಡೆ ಶೇ 8. ಕೊಪ್ಪಳದ ವೈದ್ಯಕೀಯ ಕಾಲೇಜಿನಲ್ಲಿ ಕುಷ್ಟಗಿಯ ಹುಡುಗನಿಗೆ ಆ ಎಪ್ಪತ್ತರ ಪಾಲು ಇದೆ. ಗದಗದ ಕಾಲೇಜಿನಲ್ಲೂ ಎಂಟರ ಪಾಲು ಇದೆ. ಈ ಎರಡೂ ಕಾಲೇಜುಗಳು 2015ರಲ್ಲಿ ಒಟ್ಟಿಗೇ ಶುರುವಾದವು. ಬಿತ್ತುವ ಬೆಳೆ, ಆಡುವ ಮಾತು, ಕೊಟ್ಟು ತರುವ ಸಂಬಂಧ ಎಲ್ಲವೂ ಒಂದೇ ಇರುವ ಹಳ್ಳಿಗಳ ನಡುವೆ ಜಿಲ್ಲೆಯ ಗೆರೆ ಹಾದುಹೋಗಿರುವುದರಿಂದ ಇದು ಇಲ್ಲಿಯವರಿಗೆ ಚುಚ್ಚುತ್ತದೆ, ನಿಜ. ಆದರೆ ಆ ಹುಡುಗನ ಅಂಕವನ್ನು ನಿಮ್ಮ ಮಗನ ಅಂಕದೊಡನೆ ತೂಗುವಂತಿಲ್ಲ, ಇಬ್ಬರೂ ನಿಂತಿದ್ದ ಸಾಲು ಬೇರೆ. ಹೋಲಿಸಲೇಬೇಕೆಂದರೆ ವರ್ಷ, ಸುತ್ತು, ವರ್ಗ, ಸೀಟಿನ ಬಗೆ ನಾಲ್ಕೂ ಒಂದೇ ಇರಬೇಕು.

ಪಾಲಕರು: ಸುತ್ತು ಅಂದ್ರ?

ಉಪನ್ಯಾಸಕಿ: ಸೀಟು ಹಂಚಿಕೆ ಹಲವು ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಬಿಡಿಎಸ್ ಸಿಕ್ಕವರು ಎರಡನೆಯದರಲ್ಲಿ ಎಂಬಿಬಿಎಸ್‌ಗೆ ಏರುತ್ತಾರೆ, ರಾಜ್ಯದಲ್ಲಿ ಸಿಕ್ಕವರು ಅಖಿಲ ಭಾರತ ಕೋಟಾಕ್ಕೆ ಹೋಗುತ್ತಾರೆ, ಅವರು ಬಿಟ್ಟ ಸೀಟು ಹಿಂದಿನವರಿಗೆ ಬರುತ್ತದೆ. ಈ ಚಲನೆ ಬಿಡಿಎಸ್‌ನಲ್ಲಿ ಹೆಚ್ಚು. ಧಾರವಾಡದ, ಬಾಗಲಕೋಟೆಯ ದಂತ ಕಾಲೇಜುಗಳಿಗಾಗಿ ಕಾಯುವವರು ಮೊದಲ ಸುತ್ತಿನ ಕಟಾಫ್ ನೋಡಿ ಕೈಬಿಡಬಾರದು.

ಪಾಲಕರು: ಬಿಡಿಎಸ್ ಸೀಟು ಖಾಲಿ ಉಳಿದು ಅರ್ಹತಾ ಅಂಕಾನ ಇಳಿಸಿದ್ರು ಅಂತ ಕೇಳೇನಿ. ಖರೇ ಏನ್ರಿ?

ಉಪನ್ಯಾಸಕಿ: ಖರೇ. ಇಡೀ ವಿಷಯದಲ್ಲಿ ಎಂಬಿಬಿಎಸ್‌ಗೂ ಬಿಡಿಎಸ್‌ಗೂ ಅರ್ಹತೆಯ ಗಡಿಯೇ ಬೇರೆಯಾದ ಒಂದು ಪ್ರಸಂಗ ಅದು. 2020-21ರಲ್ಲಿ ದೇಶದಲ್ಲಿ ಸುಮಾರು 7 ಸಾವಿರ ಬಿಡಿಎಸ್ ಸೀಟು ಖಾಲಿ ಉಳಿದವು. ಗಡಿಯನ್ನು ಇಳಿಸಬೇಕೆಂದು ಭಾರತೀಯ ದಂತ ಪರಿಷತ್ತು ಶಿಫಾರಸು ಮಾಡಿತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಫೆಬ್ರುವರಿ 8ರಂದು ಕೋರ್ಟ್ ಆ ವರ್ಷದ ಬಿಡಿಎಸ್‌ಗೆ ಮಾತ್ರ 10 ಪರ್ಸೆಂಟೈಲ್ ಇಳಿಸಲು ಹೇಳಿತು. ಸಾಮಾನ್ಯ ವರ್ಗದ ಗಡಿ 50ರಿಂದ 40 ಪರ್ಸೆಂಟೈಲಿಗೆ ಬಂತು. ಅಂಕದಲ್ಲಿ 147 ಇದ್ದದ್ದು 113 ಆಯಿತು. ಇಷ್ಟಕ್ಕೇ ಬಿಡಿಎಸ್ ಮಟ್ಟ ಕುಸಿಯಿತು ಎಂದು ಹೇಳಿದವರಿದ್ದಾರೆ. ಸೀಟು ಖಾಲಿ ಉಳಿಯಲು ಕಾರಣ ಅರ್ಹರ ಕೊರತೆಯಲ್ಲ. ಅರ್ಹರು ಲಕ್ಷಗಟ್ಟಲೆ ಇದ್ದರು. ಖಾಸಗಿ ದಂತ ಕಾಲೇಜಿನ ಫೀಯನ್ನೂ, ಮುಂದೆ ಸಿಗುವ ಕೆಲಸವನ್ನೂ ತೂಗಿ ನೋಡಿ ಅವರು ಬರಲಿಲ್ಲ. ಆ ತೀರ್ಪಿನಲ್ಲಿ ಕೋರ್ಟ್ ಕೂಡ ಕಾಲೇಜುಗಳಿಗೆ ಫೀ ಇಳಿಸುವ ಬಗ್ಗೆ ಯೋಚಿಸಿ ಎಂದಿತ್ತು.

ಪಾಲಕರು: ಓದು ಹಗುರ ಇರತೈತೇನ್ರಿ? ಕಟಾಫ್ ಕಡಿಮಿ ಅಂದ ಮ್ಯಾಲ?

ಉಪನ್ಯಾಸಕಿ: ಇಲ್ಲ. ಬಿಡಿಎಸ್ ನಾಲ್ಕು ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು. ಮೊದಲ ವರ್ಷ ಇಬ್ಬರೂ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಓದುತ್ತಾರೆ. ಬಿಡಿಎಸ್‌ನವರು ಆ ವರ್ಷವೇ ಹಲ್ಲಿನ ರಚನೆ ಕಲಿತು, ಮೇಣದ ತುಂಡಿನಲ್ಲಿ ಒಂದೊಂದು ಹಲ್ಲನ್ನೂ ಅಳತೆಗೆ ಸರಿಯಾಗಿ ಕೆತ್ತಬೇಕು. ದವಡೆ ಹಲ್ಲಿನ ತುದಿಯ ಏರಿಳಿತ ಕೂದಲೆಳೆಯಷ್ಟು ತಪ್ಪಿದರೂ ಮತ್ತೆ ಮೊದಲಿನಿಂದ. ಆ ಕೈಚಳಕವನ್ನು ನೀಟ್ ಅಳೆಯುವುದೇ ಇಲ್ಲ. ಹಾಗೆಯೇ ರೋಗಿಯ ಮಾತು ಕೇಳುವ ತಾಳ್ಮೆಯನ್ನೂ ಅಳೆಯುವುದಿಲ್ಲ. ಅದು ಎಂಬಿಬಿಎಸ್‌ನವರಿಗೆ ಮುಖ್ಯವಾಗಿ ಬೇಕಾದದ್ದು. ಬಿಡಿಎಸ್ ಸೇರಿ ಮಧ್ಯದಲ್ಲಿ ಎಂಬಿಬಿಎಸ್‌ಗೆ ದಾಟುವ ದಾರಿ ಮಾತ್ರ ಇಲ್ಲ. ದಾಟಬೇಕೆಂದರೆ ಹೊಸದಾಗಿ ನೀಟ್ ಬರೆದು ಮೊದಲ ವರ್ಷದಿಂದ ಶುರು ಮಾಡಬೇಕು.

ಪಾಲಕರು: ಬೀಗರ ಪೈಕಿ ಒಬ್ಬರು ಅಮೆರಿಕಾದಾಗ ಅದಾರ. ಅಲ್ಲಿ ಎರಡಕ್ಕೂ ಬ್ಯಾರೆ ಬ್ಯಾರೆ ಪರೀಕ್ಷೆ ಅಂತ.

ಉಪನ್ಯಾಸಕಿ: ಹೌದು. ಅಲ್ಲಿ ವೈದ್ಯಕೀಯಕ್ಕೆ ಎಂಕ್ಯಾಟ್. ಅದರ ಅಂಕ 472ರಿಂದ 528ರವರೆಗೆ. ದಂತವೈದ್ಯಕೀಯಕ್ಕೆ ಡ್ಯಾಟ್, ಅದರ ಅಂಕ ಬಹುಕಾಲ 1ರಿಂದ 30ರವರೆಗಿತ್ತು, 2025ರಿಂದ 200ರಿಂದ 600ರ ಅಳತೆಗೆ ಬದಲಾಯಿತು. ಅಂಕಕ್ಕೆ ಅಂಕ ಹೋಲಿಸಲು ಬಾರದ ಕಾರಣ ಅಲ್ಲಿಯವರು ಪರ್ಸೆಂಟೈಲ್ ಹೋಲಿಸುತ್ತಾರೆ. ಅದೂ ಪೂರ್ತಿ ಸರಿಹೊಂದದು, ಯಾಕೆಂದರೆ ಎರಡು ಪರೀಕ್ಷೆ ಬರೆಯುವ ಗುಂಪುಗಳೇ ಬೇರೆ. ಒಂದರಲ್ಲಿ 80 ಪರ್ಸೆಂಟೈಲ್, ಇನ್ನೊಂದರಲ್ಲಿ 80 ಪರ್ಸೆಂಟೈಲ್ ಎಂದರೆ ಬೇರೆ ಬೇರೆ ಜನರ ನಡುವಿನ ಸ್ಥಾನ. ಡ್ಯಾಟ್‌ನಲ್ಲಿ ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ಗುರುತಿಸುವ ಒಂದು ವಿಭಾಗವೂ ಉಂಟು, ಎಂಕ್ಯಾಟ್‌ನಲ್ಲಿ ಅದಿಲ್ಲ. ಬ್ರಿಟನ್ನಿನಲ್ಲಿ ನಮ್ಮಂತೆ ಎರಡಕ್ಕೂ ಒಂದೇ ಪರೀಕ್ಷೆ, ಯುಕ್ಯಾಟ್.

ಪಾಲಕರು: ಮುಂದ ನಮ್ಮ ಇಬ್ಬರೂ ಮಕ್ಕಳು ಪಿಜಿ ಮಾಡಬೇಕಂದ್ರ ಮತ್ತ ಒಂದ ಪರೀಕ್ಷೆ ಇರತೈತೇನು?

ಉಪನ್ಯಾಸಕಿ: ಅಲ್ಲಿಗೆ ದಾರಿ ಕವಲೊಡೆಯುತ್ತದೆ. ಮಗಳು ಎಂಡಿ ಅಥವಾ ಎಂಎಸ್‌ಗೆ ನೀಟ್-ಪಿಜಿ ಬರೆಯಬೇಕು: 200 ಪ್ರಶ್ನೆ, 800 ಅಂಕ. ಮಗ ಎಂಡಿಎಸ್‌ಗೆ ನೀಟ್-ಎಂಡಿಎಸ್ ಬರೆಯಬೇಕು: 240 ಪ್ರಶ್ನೆ, 960 ಅಂಕ. ಎರಡರಲ್ಲೂ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ವಿಷಯ ಬೇರೆ, ಬರೆಯುವವರು ಬೇರೆ, ಪಟ್ಟಿ ಬೇರೆ. ಮಗನಿಗೆ 480, ಮಗಳಿಗೆ 480 ಬಂದರೆ ಆಗ ಮನೆಯಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ಕೇಳುವ ಪ್ರಶ್ನೆಯೇ ಹುಟ್ಟುವುದಿಲ್ಲ, ಅಣ್ಣಾರ. ಮಗನ ರ‍್ಯಾಂಕನ್ನು ಆ ವರ್ಷ ಎಂಡಿಎಸ್ ಬರೆದವರ ನಡುವೆ ನೋಡಬೇಕು, ಮಗಳದ್ದನ್ನು ಪಿಜಿ ಬರೆದವರ ನಡುವೆ.